ಏರಬೇಕೋ ಇಳಿಯಬೇಕೋ

ಬೆಂಗಳೂರು, ಗಂಡಸರ ವಾರ್ಡು
೧೬-೫-೧೯೬೩

ಪೊನ್ನಮ್ಮನಿಗೆ,

ಸುಖವಾಗಿ ತಲುಪಿದೆ. ಮೈಸೂರಿನಲ್ಲಿ ಬಸ್ಸು ಬದಲಾಯಿಸುವಾಗ ನಿನ್ನ ತಮ್ಮ ಬೊಳ್ಳಪ್ಪ ನನ್ನನ್ನು ಕೈಹಿಡಿದು ಇಳಿಸಿ, ಕೈಹಿಡಿದು ಹತ್ತಿಸಿದ. ನೋಡಿದವರು ನನ್ನನ್ನು ಕುರುಡ ಎಂದುಕೊಂಡಿರಬೇಕು.

ಎಡಗಡೆ ಹೊಟ್ಟೆ ಗಟ್ಟಿಯಾದದ್ದನ್ನು ನಾವೆಲ್ಲ ಜ್ವರಗಡ್ಡೆ ಎಂದುಕೊಂಡಿದ್ದೆವಲ್ಲ, ಅದಲ್ಲವಂತೆ. ತಪ್ಪಿರುವುದು ರಕ್ತದಲ್ಲಿ. ರಕ್ತದಲ್ಲಿ ಕೆಂಪು ಕಣ, ಬಿಳಿ ಕಣ ಎಂದು ಬೇರೆ ಬೇರೆ ಇರುತ್ತವೆ. ಬಿಳಿ ಕಣ ಹತ್ತು ಸಾವಿರದೊಳಗೆ ಇರಬೇಕು, ನನಗೆ ಎರಡು ಲಕ್ಷ ಎಂಬತ್ತು ಸಾವಿರ ಇದೆ. ಎಷ್ಟು ರಕ್ತದಲ್ಲಿ ಅಷ್ಟು ಎಂದು ಕೇಳಿದೆ. ಹನಿಯಲ್ಲೂ ಒಂದು ಸಣ್ಣ ಪಾಲಿನಲ್ಲಿ ಎಂದರು. ಅದನ್ನು ಯಾರು ಕೂತು ಎಣಿಸಿದರೋ, ಎಣಿಸುವಾಗ ಮಧ್ಯದಲ್ಲಿ ಯಾರೂ ಮಾತನಾಡಿಸಲಿಲ್ಲವೋ ನನಗೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ನೂರು ಮೂಟೆ ಎಣಿಸುವಾಗಲೇ ಎರಡು ಸಲ ತಪ್ಪುತ್ತದೆ.

ಕೊಡುವುದು ಮಾತ್ರೆ. ತೊಗರಿಬೇಳೆಯಷ್ಟೂ ದಪ್ಪವಿಲ್ಲ. ಅದು ಬಿಳಿ ಕಣಗಳನ್ನು ಕೊಲ್ಲುತ್ತದಂತೆ. ಸೋಮವಾರ, ಗುರುವಾರ ರಕ್ತ ತೆಗೆದು ಕೌಂಟು ನೋಡುತ್ತಾರೆ. ಇಳಿಯುತ್ತಾ ಬಂದರೆ ಮನೆಗೆ ಕಳಿಸುತ್ತಾರೆ. ರೋಗದ ಹೆಸರನ್ನು ಡಾಕ್ಟರು ವರಾಂಡದಲ್ಲಿ ಬೊಳ್ಳಪ್ಪನಿಗೆ ಇಂಗ್ಲಿಷಿನಲ್ಲಿ ಹೇಳಿದರು. ಒಳಗೆ ಬಂದವನನ್ನು ಕೇಳಿದರೆ, "ರಕ್ತ ಸ್ವಲ್ಪ ಕೆಟ್ಟುಟ್ಟು ಭಾವ, ಅಷ್ಟೇ" ಎಂದ. ನೀನು ಬರುವುದು ಬೇಡ. ಅವ್ವನನ್ನು ಹಾಸಿಗೆಯಲ್ಲಿ ಬಿಟ್ಟು, ತೋಟ ಬಿಟ್ಟು ಹೇಗೆ ಬರುತ್ತೀ? ಮಗಳು ಕಮಲನಿಗೆ ನನ್ನ ಆಶೀರ್ವಾದ.

ದೇರಪ್ಪ


ನಾಪೋಕ್ಲು
೨೫-೫-೧೯೬೩

ಕಮಲನ ಅಪ್ಪನಿಗೆ,

ಕಾಗದ ಬಂತು. ತಲುಪಿದ ದಿನವೇ ಬರೆಯಲು ನಿಮ್ಮ ಕೈಗೆ ಏನಾಗಿತ್ತು? ನಿಮ್ಮಿಂದ ನನಗೆ ದೇವರೆದುರು ಮರ್ಯಾದೆ ಹೋಯಿತು.

ನಿಮ್ಮದಕ್ಕಿಂತ ಮೊದಲು ಬೊಳ್ಳಪ್ಪನ ಕಾರ್ಡು ಬಂದಿತ್ತು. "ಭಾವನ ರಕ್ತದ ಕೌಂಟು ಸರಿಯಿಲ್ಲ" ಎಂದು ಒಂದೇ ಸಾಲು. ರಕ್ತ ಸರಿಯಿಲ್ಲ ಎಂದರೆ ಕಮ್ಮಿಯಾಗಿದೆ ಎಂದಲ್ಲದೆ ಬೇರೆ ಏನು? ಮಾರನೆಯ ದಿನವೇ ಇಗ್ಗುತ್ತಪ್ಪನಲ್ಲಿಗೆ ಹೋಗಿ, ಕೌಂಟು ಏರಲಿ, ಏರಿದರೆ ತುಲಾಭಾರ ಮಾಡಿಸುತ್ತೇನೆ ಎಂದು ಹರಕೆ ಹೇಳಿಕೊಂಡು ಬಂದೆ. ಮನೆಗೆ ಬಂದು ಕಾಲು ತೊಳೆಯುವಷ್ಟರಲ್ಲಿ ನಿಮ್ಮ ಕಾಗದ. ಇಳಿಯಬೇಕಂತೆ.

ಅತ್ತೆ ಮಲಗಿದಲ್ಲಿಂದ, "ಎಂತ, ರಕ್ತ ಜಾಸ್ತಿ ಆದ್ರೂ ಕಾಯಿಲೆಯಾ?" ಎಂದು ಕೇಳಿದರು. "ನಂಗೆ ಗೊತ್ತಿಲ್ಲೆ ಅತ್ತೆ" ಎಂದೆ. ಇಪ್ಪತ್ತು ವರ್ಷದಲ್ಲಿ ಅವರ ಯಾವ ಮಾತಿಗೂ ನಾನು ಗೊತ್ತಿಲ್ಲ ಎಂದವಳಲ್ಲ. ಮತ್ತೆ ಗುಡ್ಡ ಹತ್ತಿ ಹೋಗಿ, ಬಿಳಿ ಇಳಿಯಲಿ, ಕೆಂಪು ಏರಲಿ ಎಂದು ದೇವರಿಗೆ ಬಿಡಿಸಿ ಹೇಳಿ ಬಂದೆ. ಭಟ್ಟರು ಮುಖ ತಿರುಗಿಸಿ ನಕ್ಕರು. ನಗುವುದಾದರೆ ನಗಲಿ, ಅವರ ಗಂಡ ಆಸ್ಪತ್ರೆಯಲ್ಲಿಲ್ಲ.

ಇನ್ನು ಮುಂದೆ ಕೌಂಟು ಬರೆಯುವಾಗ ಪಕ್ಕದಲ್ಲಿ ಒಳ್ಳೆಯದು ಅಥವಾ ಕೆಟ್ಟದ್ದು ಎಂದೂ ಬರೆಯಿರಿ. ಆ ರೋಗಕ್ಕೆ ಒಂದು ಹೆಸರು ಇರಬೇಕಲ್ಲ, ಅದನ್ನೂ ಕೇಳಿ ಬರೆಯಿರಿ.

ಪೊನ್ನಮ್ಮ


ಬೆಂಗಳೂರು
೨೪-೬-೧೯೬೩

ಪೊನ್ನಮ್ಮನಿಗೆ,

ಬಿಳಿ ಒಂದು ಲಕ್ಷ ಇಪ್ಪತ್ತು ಸಾವಿರ, ಒಳ್ಳೆಯದು. ಕೆಂಪು ನೂರಕ್ಕೆ ಅರುವತ್ತು, ಅದೂ ಒಳ್ಳೆಯದು. ಹೊಟ್ಟೆ ಸ್ವಲ್ಪ ಮೆತ್ತಗಾಗಿದೆ. ಊಟ ರುಚಿಸುವುದಿಲ್ಲ. ಇಲ್ಲಿ ಎಲ್ಲದಕ್ಕೂ ಫಿನಾಯಿಲಿನ ವಾಸನೆ, ಈಗ ನನ್ನ ಮೂಗಿಗೆ ಬೇರೆ ವಾಸನೆಯೇ ತಿಳಿಯುತ್ತಿಲ್ಲ.

ಪಕ್ಕದ ಮಂಚದಲ್ಲಿ ಕುಶಾಲನಗರದ ಕಡೆಯ ಸಿದ್ದಣ್ಣ ಎಂಬವರಿದ್ದಾರೆ. ಅವರಿಗೆ ಬಿಳಿ ಕಣ ಬಹಳ ಕಮ್ಮಿ. ಅವರಿಗೆ ಏರಿದರೆ ಖುಷಿ, ನನಗೆ ಇಳಿದರೆ ಖುಷಿ. ಡಾಕ್ಟರು ಒಂದೇ ನಿಮಿಷದಲ್ಲಿ ಇಬ್ಬರ ಬೆನ್ನನ್ನೂ ತಟ್ಟುತ್ತಾರೆ. ಮೊನ್ನೆ ಸಿದ್ದಣ್ಣ, "ನಿಮ್ದು ಅಷ್ಟೊಂದು ಐತಲ್ಲ ದೇರಪ್ಪನೋರೆ, ನಂಗೊಂದಿಷ್ಟು ಕೊಡ್ರೀ, ಇಬ್ರೂ ಊರಿಗೆ ಹೋಗಾನ" ಎಂದರು. ಡಾಕ್ಟರನ್ನು ಕೇಳಿಯೇ ಬಿಟ್ಟೆ. ಹಾಗೆ ಆಗುವುದಿಲ್ಲವಂತೆ, ನನ್ನವು ಕೆಲಸ ಕಲಿಯದ ಕಣಗಳಂತೆ. ಇಷ್ಟು ದಿನ ಮೈಯಲ್ಲಿ ಎರಡು ಲಕ್ಷ ಸೋಮಾರಿಗಳನ್ನು ಸಾಕಿದೆನೇ ಎಂದು ಯೋಚನೆಯಾಯಿತು.

ಹೆಸರು ಕೇಳಿದೆ. ಡಾಕ್ಟರು ಒಂದು ಉದ್ದದ ಹೆಸರು ಹೇಳಿದರು, ಬಾಯಿಗೆ ಬರಲಿಲ್ಲ. ಅರ್ಥವೇನೆಂದು ಕೇಳಲು ಹೋದಾಗ ಪಕ್ಕದ ಮಂಚಕ್ಕೆ ಹೋಗಿಬಿಟ್ಟಿದ್ದರು.

ದೇರಪ್ಪ


ಬೆಂಗಳೂರು
೨೫-೭-೧೯೬೩

ಪೊನ್ನಮ್ಮನಿಗೆ,

ಬಿಳಿ ಹದಿನೇಳು ಸಾವಿರ. ಒಳ್ಳೆಯದು. ಬಹಳ ಒಳ್ಳೆಯದು ಎಂದು ಡಾಕ್ಟರೇ ಹೇಳಿದರು. ಮಾತ್ರೆಯನ್ನು ಅರ್ಧಕ್ಕೆ ಇಳಿಸಿದ್ದಾರೆ. ಹೀಗೆಯೇ ನಿಂತರೆ ಆಗಸ್ಟ್ ಹದಿನೈದರ ಹೊತ್ತಿಗೆ ಮನೆಗೆ.

ಸಿದ್ದಣ್ಣನವರ ಮಂಚಕ್ಕೆ ತುಮಕೂರಿನವರು ಒಬ್ಬರು ಬಂದಿದ್ದಾರೆ.

ಇಲ್ಲಿಯ ಸಿಸ್ಟರ್ ದಮಯಂತಿ ಬಹಳ ಕಟ್ಟುನಿಟ್ಟು. ಹೊರಗಿನ ತಿಂಡಿ ಕೂಡದು. ಬೆಳಿಗ್ಗೆ ಎದ್ದ ಕೂಡಲೆ ಜ್ವರ ನೋಡಿ, ಮೂತ್ರ ಹೇಗಿದೆ, ಹೊಟ್ಟೆ ಹೇಗಿದೆ ಎಂದು ಎಲ್ಲರೆದುರು ಗಟ್ಟಿಯಾಗಿ ಕೇಳುತ್ತಾರೆ. ನಾನು ಎಲ್ಲದಕ್ಕೂ "ಸರಿ ಉಂಟು ಸಿಸ್ಟರ್" ಎನ್ನುತ್ತೇನೆ.

ದೇರಪ್ಪ


ನಾಪೋಕ್ಲು
೩-೮-೧೯೬೩

ಕಮಲನ ಅಪ್ಪನಿಗೆ,

ಇವತ್ತು ಆಟಿ ತಿಂಗಳ ಹದಿನೆಂಟು. ಹದಿನೆಂಟು ಮದ್ದು ಒಟ್ಟಾಗಿ ಸೊಪ್ಪಿಗೆ ಇಳಿಯುವ ದಿನ. ಬೆಳಿಗ್ಗೆ ನಾನೂ ಕಮಲನೂ ತೋಡಿನ ಬದಿಗೆ ಹೋಗಿ ಆಟಿ ಸೊಪ್ಪು ಕೊಯ್ದೆವು. ಅಪ್ಪಯ್ಯ ಮಾವ ಮಧ್ಯಾಹ್ನದ ಬಸ್ಸಿಗೆ ಬೆಂಗಳೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಒಂದು ಕಟ್ಟು ಬೊಳ್ಳಪ್ಪನ ಮನೆಗೆ ಕಳಿಸುತ್ತಿದ್ದೇನೆ. ಕಾಗದವೂ ಜೊತೆಗೇ ಬರುತ್ತದೆ. ರಸ ತೆಗೆದು, ಅಕ್ಕಿಹಿಟ್ಟು ಬೆಲ್ಲ ಹಾಕಿ ಕಾಯಿಸಿ, ಬಟ್ಟಲಿನಲ್ಲಿ ಗಟ್ಟಿ ಮಾಡಿ ತುಂಡು ಮಾಡುವುದು ಎಂದು ಸರೋಜಳಿಗೆ ಬೇರೆಯಾಗಿ ಬರೆದಿದ್ದೇನೆ. ಬೊಳ್ಳಪ್ಪನ ಹೆಂಡತಿ ಒಳ್ಳೆಯವಳು, ಆದರೆ ಮೈಸೂರಿನಲ್ಲಿ ಬೆಳೆದವಳು. ಸೊಪ್ಪೆಂದರೆ ಅವಳಿಗೆ ಸಾರಿಗೆ ಹಾಕುವುದು ಮಾತ್ರ.

ಸಿಸ್ಟರಿಗೆ ಹೇಳಬೇಡಿ. ಅವರಿಗೆ ನಮ್ಮ ಆಟಿ ಏನು ಗೊತ್ತು? ತಿಂದ ಮಾರನೆಯ ದಿನ ಮೂತ್ರ ಕೆಂಪಾದರೆ ಮದ್ದು ಹಿಡಿಯಿತೆಂದು ಅರ್ಥ, ನಿಮಗೆ ಹೇಳಿಕೊಡಬೇಕಾಗಿಲ್ಲ. ಹೋದ ವರ್ಷ ನೀವು ಅಂಗಳದಲ್ಲಿ ನಿಂತು, ನನಗೇ ಎಲ್ಲರಿಗಿಂತ ಕೆಂಪು ಎಂದು ಜಂಬ ಕೊಚ್ಚಿದವರು. ಹೇಗಾಯಿತೆಂದು ಬರೆಯಿರಿ.

ನಾಟಿ ಮುಗಿಯುತ್ತಾ ಬಂತು. ಹೊಳೆ ರಸ್ತೆಯ ಹತ್ತಿರ ಬಂದಿದೆ. ಹದಿನೈದಕ್ಕೆ ಬರುತ್ತೀರೆಂದು ಅತ್ತೆ ದಿನ ಎಣಿಸುತ್ತಿದ್ದಾರೆ. ನಾನು ಎಣಿಸುತ್ತಿಲ್ಲ, ನನಗೆ ಬೇರೆ ಕೆಲಸ ಇದೆ.

ಪೊನ್ನಮ್ಮ


ಬೆಂಗಳೂರು
೯-೮-೧೯೬೩

ಪೊನ್ನಮ್ಮನಿಗೆ,

ಮದ್ದು ಹಿಡಿಯಿತು.

ಮಂಗಳವಾರ ಸಂಜೆ ಬೊಳ್ಳಪ್ಪ ಟಿಫಿನ್ ಕ್ಯಾರಿಯರಿನ ಕೆಳಗಿನ ಬಟ್ಟಲಿನಲ್ಲಿ ಅಡಗಿಸಿ ತಂದ. ಬಣ್ಣ ಕಪ್ಪಾಗಿತ್ತು, ಪರಿಮಳ ನನ್ನ ಮೂಗಿಗೆ ಹತ್ತಲಿಲ್ಲ, ಆದರೂ ಬೆಲ್ಲದ ರುಚಿ ನಾಲಗೆಗೆ ತಿಳಿಯಿತು. ತಿಂಗಳ ಮೇಲೆ ಏನನ್ನೋ ಬಯಸಿ ತಿಂದೆ. ಬುಧವಾರ ಬೆಳಿಗ್ಗೆ ನೋಡಿದರೆ ಕೆಂಪು. ಊರಿನಲ್ಲಿ ಆಗುವುದಕ್ಕಿಂತಲೂ ಕೆಂಪು. ನನಗೆ ನಗು ಬಂತು. ಒಂದೇ ದಿನದಲ್ಲಿ ಮುಗಿಸುವುದೇಕೆಂದು ದಿನಕ್ಕೊಂದು ತುಂಡು ತಿನ್ನುತ್ತಿದ್ದೇನೆ. ಇವತ್ತೂ ಕೆಂಪು. ಸಿಸ್ಟರ್ ದಮಯಂತಿ ಕೇಳಿದಾಗ ಎಂದಿನಂತೆ "ಸರಿ ಉಂಟು" ಎಂದೆ.

ಬಿಳಿ ಆರು ಸಾವಿರ. ಈಗ ನನ್ನ ಕೌಂಟೂ ಡಾಕ್ಟರ ಕೌಂಟೂ ಒಂದೇ ಎಂದು ಅವರು ತಮಾಷೆ ಮಾಡಿದರು. ಮಾತ್ರೆ ನಿಲ್ಲಿಸಿದ್ದಾರೆ. ಆಯಾಸ ಮಾತ್ರ ಜಾಸ್ತಿ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತದೆ, ಹೊಸ ಬ್ರಷ್ ಒರಟು ಎಂದು ಕಾಣುತ್ತದೆ.

ಅವ್ವನಿಗೆ ಹೇಳು, ಸೊಪ್ಪು ಬೆಂಗಳೂರಿನಲ್ಲೂ ಕೆಲಸ ಮಾಡುತ್ತದೆ.

ದೇರಪ್ಪ


ಬೆಂಗಳೂರು
೮-೮-೧೯೬೩

ಅತ್ತಿಗೆಗೆ ಸರೋಜ ಮಾಡುವ ನಮಸ್ಕಾರಗಳು.

ಒಂದು ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನೀವು ಕಳಿಸಿದ ಸೊಪ್ಪು ಬಂತು. ಅಪ್ಪಯ್ಯ ಮಾವ ಮೈಸೂರಿನಲ್ಲಿ ಒಂದು ದಿನ ಉಳಿದರಂತೆ, ಕಟ್ಟು ಮಳೆಯಲ್ಲಿ ನೆನೆದಿತ್ತು. ಬಿಚ್ಚಿ ನೋಡಿದರೆ ಒಂದು ಎಲೆಯೂ ಎಲೆಯಾಗಿರಲಿಲ್ಲ, ಲೋಳೆಯಾಗಿ ಕೊಳೆತಿತ್ತು. ಕಾಯಿಲೆಯವರಿಗೆ ಅದನ್ನು ಹೇಗೆ ಕೊಡುವುದು? ಎಸೆದುಬಿಟ್ಟೆ.

ಆದರೆ ಅಣ್ಣ ಆಸೆಯಿಂದ ಕಾಯುತ್ತಿದ್ದಾರೆ ಎಂದು ಇವರು ಹೇಳಿದರು. ನನಗೆ ಬೇಜಾರಾಗಿ, ರಾಗಿ ಹಾಲು ಹಿಂಡಿ, ಕಪ್ಪು ಬೆಲ್ಲ ಹಾಕಿ ಹಾಲುಬಾಯಿ ಮಾಡಿ ಕೊಟ್ಟು ಕಳಿಸಿದೆ. ನೋಡಲು ನೀವು ಬರೆದ ಬಣ್ಣವೇ ಬಂತು. ಇವರಿಗೂ ಹೇಳಿಲ್ಲ. ಅಣ್ಣನಿಗೆ ಬಹಳ ಹಿಡಿಸಿತಂತೆ. ತಿನ್ನುವ ವಸ್ತು ತಾನೆ, ಕೆಡುಕೇನೂ ಆಗಲಾರದು. ಬೈಯುವುದಾದರೆ ನನಗೊಬ್ಬಳಿಗೇ ಬೈಯಿರಿ.

ನಿಮ್ಮ
ಸರೋಜ


ನಾಪೋಕ್ಲು
೧೩-೮-೧೯೬೩

ಕಮಲನ ಅಪ್ಪನಿಗೆ,

ಈ ಕಾಗದ ಸಿಗುವ ಮೊದಲೇ ಬೊಳ್ಳಪ್ಪನಿಗೆ ನನ್ನ ತಂತಿ ಸಿಕ್ಕಿರಬೇಕು. ಸಿಕ್ಕಿರದಿದ್ದರೆ ಇದನ್ನು ಮಡಚಿಟ್ಟು ಮೊದಲು ಡಾಕ್ಟರನ್ನು ಕರೆಯಿರಿ. ಉಳಿದದ್ದನ್ನು ಆಮೇಲೆ ಓದಬಹುದು.

ನೀವು ತಿಂದದ್ದು ಆಟಿ ಸೊಪ್ಪಲ್ಲ. ಸೊಪ್ಪು ದಾರಿಯಲ್ಲೇ ಕೊಳೆತಿತ್ತು. ಸರೋಜ ಅದನ್ನು ಎಸೆದು ನಿಮಗೆ ಕೊಟ್ಟದ್ದು ರಾಗಿ. ರಾಗಿ ತಿಂದರೆ ಯಾರ ಮೂತ್ರವೂ ಕೆಂಪಾಗುವುದಿಲ್ಲ.

ಹೊಳೆ ರಸ್ತೆಗೆ ಬಂದು ಮೂರು ದಿನ ಟಪ್ಪಾಲು ಬರಲಿಲ್ಲ. ಇವತ್ತು ನಿಮ್ಮದೂ ಸರೋಜಳದೂ ದೋಣಿ ದಾಟಿ ಒಟ್ಟಿಗೆ ಬಂತು. ನಿಮ್ಮದನ್ನು ಮೊದಲು ಓದಿ ಅತ್ತೆಗೆ ಕೇಳುವ ಹಾಗೆ, ಮದ್ದು ಹಿಡಿಯಿತಂತೆ ಎಂದು ಕೂಗಿದೆ. ಕಮಲ ಚಪ್ಪಾಳೆ ತಟ್ಟಿದಳು. ಆಮೇಲೆ ಸರೋಜಳದನ್ನು ಬಿಡಿಸಿದೆ. ಓದಿದೆ, ಪುನಃ ನಿಮ್ಮದನ್ನು ಓದಿದೆ. ಯಾರಾದರೊಬ್ಬರು ಸುಳ್ಳು ಬರೆದಿರಲಿ ಎಂದು ಬೇಡಿಕೊಂಡೆ. ಕಮಲ "ಎಂತ ಆತವ್ವ?" ಎಂದಳು. ನಾನು ಕೊಡೆ ಹಿಡಿದು ಪೋಸ್ಟಾಫೀಸಿಗೆ ಓಡಿದೆ.

ಪೋಸ್ಟ್ ಮಾಸ್ಟರ್ ಪರಮೇಶಪ್ಪ ಪೆನ್ಸಿಲ್ ಹಿಡಿದು, "ಏನಂತ ಬರೀಲಮ್ಮ?" ಎಂದರು. ಅಲ್ಲಿ ಇನ್ನೂ ನಾಲ್ಕು ಗಂಡಸರಿದ್ದರು. "ಮೂತ್ರದಲ್ಲಿ ರಕ್ತ, ಸೊಪ್ಪಲ್ಲ, ಡಾಕ್ಟರಿಗೆ ಹೇಳು ಅಂತ ಬರೀರಿ" ಎಂದೆ. ಅವರು ಬರೆಯದೆ ಕೂತರು. ನಾಚಿಕೆಪಡುತ್ತಿದ್ದಾರೆ ಎಂದು ನನಗೆ ಸಿಟ್ಟು ಬಂತು. "ಅದಲ್ಲಮ್ಮ, ಆ ಸೊಪ್ಪಿಗೆ ಇಂಗ್ಲಿಷ್‌ನಾಗೆ ಏನಂತಾರೋ ಗೊತ್ತಾಗ್ತಿಲ್ಲ" ಎಂದರು. "ಸೊಪ್ಪು ಬಿಡಿ, ರಕ್ತ ಬರೀರಿ" ಎಂದೆ. ಅವರು ನಾಲ್ಕು ಜನರೆದುರು ಅದನ್ನು ಓದಿ ಹೇಳಿದರು. ನಾನು ಹೌದು ಎಂದೆ.

ಸಿಸ್ಟರಿಗೆ ಹೇಳಬೇಡಿ ಎಂದವಳು ನಾನೇ. ನಿಮಗೆ ಏನಾದರೂ ಆದರೆ ಯಾರ ಮೇಲೆ ಸಿಟ್ಟು ಮಾಡಬೇಕು ಎಂದು ನನಗೆ ತಿಳಿಯುತ್ತಿಲ್ಲ. ಬರೋಣವೆಂದರೆ ಬಸ್ಸು ಇನ್ನೂ ಓಡುತ್ತಿಲ್ಲ. ಕೌಂಟು ಇಳಿದದ್ದು ಒಳ್ಳೆಯದೆಂದು ನೀವೇ ಬರೆದದ್ದು, ಮತ್ತೆ ಇದು ಹೇಗೆ ಬಂತು?

ಪೊನ್ನಮ್ಮ


ಬೆಂಗಳೂರು
೧೬-೮-೧೯೬೩

ಅಕ್ಕನಿಗೆ ಬೊಳ್ಳಪ್ಪನ ನಮಸ್ಕಾರ.

ಹೆದರಬೇಡ. ಭಾವ ಇದ್ದಾರೆ. ತಂತಿ ಮಂಗಳವಾರ ಸಂಜೆ ನಮ್ಮ ಕಾರ್ಖಾನೆಗೆ ಬಂತು, ಅಲ್ಲಿಂದಲೇ ಆಸ್ಪತ್ರೆಗೆ ಓಡಿದೆ. ಡಾಕ್ಟರು ಬಂದು, ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರು. ಭಾವ ನಗುತ್ತಾ, "ಅದ್ ಸೊಪ್ಪುಂದ್, ನಮ್ಮ ಕಡೆ ಎಲ್ಲರ್ಗೂ ಹಾಂಗೇ" ಎಂದರು. ನಾನು ಮನೆಗೆ ಹೋಗಿ ಸರೋಜಳನ್ನು ಕೇಳಿ ಬಂದ ಮೇಲೆ ಅವರ ಕಿವಿಯಲ್ಲಿ, "ಭಾವ, ನೀವು ತಿಂದದ್ದು ರಾಗಿ" ಎಂದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ಬಿಳಿ ಕಣ ಎರಡು ಸಾವಿರಕ್ಕೆ ಇಳಿದಿದೆ. ಮಾತ್ರೆ ನಿಲ್ಲಿಸಿದ ಮೇಲೂ ಇಳಿಯುತ್ತಲೇ ಹೋಗುತ್ತದಂತೆ, ಕೆಲವರಿಗೆ ಜಾಸ್ತಿ ಇಳಿಯುತ್ತದಂತೆ. ರಕ್ತ ಹೆಪ್ಪುಗಟ್ಟಿಸುವ ಕಣ ಎಂದು ಬೇರೆ ಒಂದು ಇದೆ, ಅದೂ ಬಹಳ ಕಮ್ಮಿಯಾಗಿದೆ. ಹಾಗಾಗಿ ರಕ್ತ. ಇನ್ನು ಎರಡು ದಿನ ತಡವಾಗಿದ್ದರೆ ಎಂದು ಡಾಕ್ಟರು ಶುರು ಮಾಡಿದವರು ನನ್ನ ಮುಖ ನೋಡಿ ನಿಲ್ಲಿಸಿದರು. ನನ್ನ ರಕ್ತ ಹೊಂದಿತು. ನನ್ನದು ಒಂದು ಬಾಟಲಿ, ನನ್ನ ಜೊತೆ ಕೆಲಸ ಮಾಡುವವನದು ಒಂದು.

ಈಗ ಕೌಂಟು ಏರಬೇಕು. ದೇವರಿಗೆ ಏನೆಂದು ಹೇಳುತ್ತೀಯೋ ನಿನಗೆ ಬಿಟ್ಟದ್ದು. ಸರೋಜ ಎರಡು ದಿನದಿಂದ ಊಟ ಮಾಡಿಲ್ಲ. ಅವಳಿಗೆ ಬೈಯಬೇಡ ಅಕ್ಕ. ಅವಳು ನಿನಗೆ ಬರೆಯದೆ ಸುಮ್ಮನಿದ್ದಿದ್ದರೆ ನಾವೆಲ್ಲ ಸೊಪ್ಪೆಂದೇ ತಿಳಿದುಕೊಂಡಿರುತ್ತಿದ್ದೆವು.

ಬೊಳ್ಳಪ್ಪ


ಬೆಂಗಳೂರು
೨೨-೯-೧೯೬೩

ಪೊನ್ನಮ್ಮನಿಗೆ,

ಒಂದು ತಿಂಗಳು ನಾನಾಗಿ ಬರೆಯಲಿಲ್ಲ. ಬೊಳ್ಳಪ್ಪ ಬರೆಯುತ್ತಿದ್ದಾನಲ್ಲ ಎಂದು ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ ನಾಚಿಕೆ. ರಕ್ತ ಹೋಗುವುದನ್ನು ನೋಡಿ ನಕ್ಕವನು ನಾನು.

ಮೊನ್ನೆ ಬಿಳಿ ಐದು ಸಾವಿರದ ಎಂಟುನೂರು ಬಂತು. ಕೆಂಪು ನೂರಕ್ಕೆ ಎಪ್ಪತ್ತೆಂಟು. ಮೂತ್ರ ಸರಿಯಾಗಿದೆ, ಈ ಸಲ ನಿಜವಾಗಿ. ಎಲ್ಲವೂ ಸರಿಯಾದ ಆ ದಿನವೇ ಡಾಕ್ಟರು ಮಂಚದ ಮೇಲೆ ಕುಳಿತುಕೊಂಡರು. ಅವರು ಕುಳಿತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಇದು ರಕ್ತದ ಕ್ಯಾನ್ಸರು ಪೊನ್ನಮ್ಮ, ನಿಧಾನವಾಗಿ ಬರುವ ಜಾತಿಯದು. ಬೊಳ್ಳಪ್ಪನಿಗೆ ಮೇ ತಿಂಗಳಿನಿಂದ ಗೊತ್ತು. ಪಾಪ, ಒಬ್ಬನೇ ಹೊತ್ತುಕೊಂಡು ತಿರುಗಿದ್ದಾನೆ.

ಹಾಗಾದರೆ ನನಗೆ ಗುಣವಾಗಿದೆಯೋ ಇಲ್ಲವೋ ಎಂದು ಕೇಳಿದೆ. ಈಗ ಚೆನ್ನಾಗಿದ್ದೀರಿ ಎಂದರು. ಅದು ನನ್ನ ಪ್ರಶ್ನೆಗೆ ಉತ್ತರವೋ ಅಲ್ಲವೋ ಇಷ್ಟು ಯೋಚಿಸಿದರೂ ತಿಳಿದಿಲ್ಲ. ಕೌಂಟು ಮತ್ತೆ ಏರುತ್ತದೆ, ಮಾತ್ರೆ ಕೊಟ್ಟರೆ ಇಳಿಯುತ್ತದೆ, ಮತ್ತೆ ಏರುತ್ತದೆ. ಕೊನೆಗೆ ಒಂದು ಸಲ ಮಾತ್ರೆಗೂ ಇಳಿಯುವುದಿಲ್ಲ. ಅದು ಯಾವಾಗ ಎಂದೆ. ಎರಡು ವರ್ಷ, ಮೂರು ವರ್ಷ, ಕೆಲವರಿಗೆ ಇನ್ನೂ ಹೆಚ್ಚು, ಲೆಕ್ಕ ಹಾಕಲು ಬರುವುದಿಲ್ಲ ಎಂದರು. ಹನಿಯೊಳಗೆ ಲಕ್ಷ ಎಣಿಸುವವರಿಗೆ ಇದು ಬರುವುದಿಲ್ಲವಂತೆ.

ನಿನಗೆ ತಿಳಿಸದಿರೋಣ ಎಂದುಕೊಂಡಿದ್ದೆ. ಆದರೆ ಮುಚ್ಚಿಟ್ಟದ್ದು ಒಂದು ಸಲಕ್ಕೆ ಸಾಕು. ಕಮಲನಿಗೆ ಹೇಳಬೇಕೋ ಬೇಡವೋ ನೀನೇ ಯೋಚಿಸು. ಒಂದನೆಯ ತಾರೀಕಿಗೆ ಬಿಡುತ್ತಾರೆ. ಮೈಸೂರಿನವರೆಗೆ ಬೊಳ್ಳಪ್ಪ ಬರುತ್ತಾನೆ.

ದೇರಪ್ಪ


ನಾಪೋಕ್ಲು
೨೭-೯-೧೯೬೩

ಕಮಲನ ಅಪ್ಪನಿಗೆ,

ಕಾಗದ ಓದಿದೆ. ಓದಿ ಅಂಗಳಕ್ಕೆ ಹೋಗಿ ಕೆಲಸದವರಿಗೆ ಕಾರಣವಿಲ್ಲದೆ ಬೈದೆ. ಅವರು ಸುಮ್ಮನೆ ನಿಂತು ಕೇಳಿಸಿಕೊಂಡರು, ಅದಕ್ಕೆ ಇನ್ನೂ ಸಿಟ್ಟು ಬಂತು. ಕೊನೆಗೆ ಒಲೆಯ ಮುಂದೆ ಕುಳಿತು ಅತ್ತುಬಿಟ್ಟೆ. ಕಮಲ ಬಂದು ಪಕ್ಕದಲ್ಲಿ ಕುಳಿತಳು, ಅವಳಿಗೆ ಹೇಳಿದೆ. ಅತ್ತೆಗೆ ಹೇಳಿಲ್ಲ.

ಬೊಳ್ಳಪ್ಪ ಮೈಸೂರಿನವರೆಗೆ ಬರುವುದು ಬೇಡ. ಹೊಳೆ ಇಳಿದಿದೆ, ಬಸ್ಸು ಓಡುತ್ತಿದೆ. ನಾಳೆ ಬೆಳಗಿನ ಬಸ್ಸಿಗೆ ನಾನೇ ಹೊರಡುತ್ತೇನೆ. ಅತ್ತೆಯನ್ನು ಕಮಲ ನೋಡಿಕೊಳ್ಳುತ್ತಾಳೆ. ಅಡುಗೆಮನೆಯಲ್ಲಿ ಸರೋಜಳ ಜೊತೆ ಕುಳಿತು ಅವಳ ಕೈಯ ಹಾಲುಬಾಯಿ ಒಂದು ತುಂಡು ತಿನ್ನಬೇಕೆಂದಿದೆ, ನಾನು ಬಾಯಿಬಿಟ್ಟು ಏನೂ ಹೇಳದಿದ್ದರೂ ಅವಳಿಗೆ ಅರ್ಥವಾಗುತ್ತದೆ.

ನಾನೇ ಬರುತ್ತಿರುವಾಗ ಕಾಗದ ಏಕೆ ಎಂದು ನೀವು ಕೇಳುತ್ತೀರಿ. ಎದುರು ನಿಂತರೆ ನನಗೆ ಈ ಮಾತು ಬರುವುದಿಲ್ಲ. ಶಾಲು ಸರಿಯಾಗಿ ಹೊದ್ದುಕೊಳ್ಳಿ, ಕಿಟಕಿಯ ಪಕ್ಕ ಕೂರಬೇಡಿ, ಅದೆಲ್ಲ ಬರುತ್ತದೆ. ಇದು ಬರುವುದಿಲ್ಲ. ಎರಡು ವರ್ಷವೋ ಮೂರು ವರ್ಷವೋ ಆಮೇಲೆ ನಾನು ಏನು ಮಾಡಬೇಕು ಎಂದು ಇವತ್ತು ಯೋಚಿಸಲು ಕುಳಿತೆ. ಗದ್ದೆ ನೋಡಿಕೊಳ್ಳುತ್ತೇನೆ, ತೋಟ ನೋಡಿಕೊಳ್ಳುತ್ತೇನೆ, ಕಮಲನ ಮದುವೆ ಮಾಡುತ್ತೇನೆ, ಅದೆಲ್ಲ ನನ್ನಿಂದ ಆಗುತ್ತದೆ. ಸಂಜೆ ಬಾಗಿಲು ಹಾಕುವಾಗ ನೀವು ಒಳಗೆ ಬಂದಿರುವುದಿಲ್ಲ ಎನ್ನುವುದು ಮಾತ್ರ ನನ್ನಿಂದ ಆಗುವುದಿಲ್ಲ. ನನಗೆ ನೀವು ಬೇಕು. ಇಷ್ಟು ವರ್ಷ ಇದನ್ನು ಹೇಳದೆ ಬೈದುಕೊಂಡೇ ಕಳೆದೆ.

ಟಪ್ಪಾಲು ನನ್ನ ಹಿಂದೆ ಬರುತ್ತದೆ. ನಾನು ನಿಮ್ಮ ಮಂಚದ ಪಕ್ಕ ಇರುವಾಗಲೇ ಇದು ನಿಮ್ಮ ಕೈಗೆ ಸಿಗಬಹುದು. ಆಗ ನಾನು ಎದ್ದು ವರಾಂಡಕ್ಕೆ ಹೋಗುತ್ತೇನೆ. ಓದಿ ಆದ ಮೇಲೆ ಕರೆಯಿರಿ, ಬರುತ್ತೇನೆ.

ಪೊನ್ನಮ್ಮ